ಕಾಗದದ ಮೇಲಿನ ಸಾಲು

ಗಾಂಧಿನಗರ, ಬಳ್ಳಾರಿ
12 ಜೂನ್ 2024

ಪ್ರೀತಿಯ ರೇಣು,

ಒಂಬತ್ತು ದಿನದಿಂದ ನಿನಗೆ ಫೋನ್ ಮಾಡುತ್ತಿದ್ದೇನೆ. ಮೊದಲು ರಿಂಗಾದರೂ ಆಗುತ್ತಿತ್ತು, ಈಗ ಅದೂ ಇಲ್ಲ. ಬ್ಲಾಕ್ ಮಾಡಿರಬೇಕು ಅಂತ ಆಫೀಸಿನ ಜ್ಯೋತಿ ಹೇಳಿದಾಗ ನಾನು ಒಪ್ಪಲಿಲ್ಲ. "ನಮ್ ರೇಣು ಅಂಥಾಕಿ ಅಲ್ಲ" ಅಂದೆ. ಆಮೇಲೆ ಅವಳ ಫೋನಿನಿಂದ ಮಾಡಿದೆ. ನೀನು ಎತ್ತಿ, ನನ್ನ ದನಿ ಕೇಳಿದ್ದೇ ಕಟ್ ಮಾಡಿದೆ. ಜ್ಯೋತಿ, ಪಾಪ, ಕಂಪ್ಯೂಟರ್ ಕಡೆ ತಿರುಗಿಕೊಂಡಳು. ಸರಿ, ಕಾಗದವನ್ನಾದರೂ ಓದುತ್ತೀಯ ಅಂದುಕೊಂಡೆ. ಟೀಚರಮ್ಮ ನೀನು, ಬರೆದದ್ದನ್ನು ಓದದೆ ಬಿಡುವವಳಲ್ಲ.

ಮೇಲೆ ದೇವರ ಹೆಸರಿಲ್ಲ ಅಂತ ಹುಬ್ಬು ಗಂಟಿಕ್ಕಬೇಡ. ನಮ್ಮ ಮನೆಯಲ್ಲಿ ಗೋಡೆಯ ಮೇಲೆ ಬುದ್ಧ ಇದ್ದಾನೆ, ಕಾಗದದ ಮೇಲೆ ಯಾರೂ ಇಲ್ಲ. ನೀನೋ, ಹಾಸ್ಟೆಲಿನಲ್ಲಿ ಅಂಗಡಿ ಚೀಟಿಗೂ "ಶ್ರೀ ಉಚ್ಚೆಂಗೆಮ್ಮ ಪ್ರಸನ್ನ" ಅಂತ ಬರೆದು, ಅದರ ಕೆಳಗೆ ಸೋಪು, ಕೊಬ್ಬರಿ ಎಣ್ಣೆ, ಹೇರ್‌ಪಿನ್ನು ಅಂತ ಬರೆಯುತ್ತಿದ್ದವಳು. ಕುರುಗೋಡಿನವರೆಲ್ಲ ದೊಡ್ಡಬಸವೇಶ್ವರನನ್ನು ನೆನೆದು ಬರೆದರೆ ನಿಮ್ಮೊಂದು ಮನೆ ಮಾತ್ರ ಉಚ್ಚೆಂಗೆಮ್ಮ. ಎಷ್ಟು ಕಾಡಿಸುತ್ತಿದ್ದೆ ನಿನ್ನನ್ನು.

ವಿಷಯಕ್ಕೆ ಬರುತ್ತೇನೆ. ನಿಮ್ಮಪ್ಪ ಜಡೆಪ್ಪ ಮಾಮನನ್ನು ನಮ್ಮ ಕಂಪನಿಯ ಸಿರುಗುಪ್ಪದ ಅಕ್ಕಿ ಮಿಲ್ಲಿನಿಂದ ತೆಗೆದದ್ದು ನನಗೂ ಆಮೇಲೆಯೇ ಗೊತ್ತಾಯಿತು. ಬಾಯ್ಲರ್ ಮುಂದೆ ನಿದ್ದೆ ಮಾಡುತ್ತಿದ್ದರು ಅಂತ ಪ್ಲಾಂಟ್ ಹೆಡ್ ಪಂಪಣ್ಣನವರು ಬರೆದುಕೊಟ್ಟಿದ್ದಾರೆ. ನಿನಗೆ ನನ್ನ ಮೇಲೆ ಯಾಕೆ ಸಿಟ್ಟೋ ತಿಳಿಯುತ್ತಿಲ್ಲ. ನಾನು ಹೆಡ್ ಆಫೀಸಿನಲ್ಲಿ ಕಂಪ್ಲಯನ್ಸ್ ಆಫೀಸರ್. ಕಂಪನಿ ಕಾನೂನು ಪಾಲಿಸುತ್ತಿದೆಯೇ, ದೂರುಗಳಿಗೆ ಕಿವಿಗೊಡುತ್ತಿದೆಯೇ ಅಂತ ನೋಡುವುದು ನನ್ನ ಕೆಲಸ. ಕೆಲಸಕ್ಕೆ ಹಾಕುವುದು, ಬಿಡಿಸುವುದು ನನ್ನ ಕೈಯಲ್ಲಿಲ್ಲ. ಆದರೂ ಎಂ.ಡಿ. ಗುರುಸ್ವಾಮಿ ಸಾಹೇಬರ ಹತ್ತಿರ ಮಾತಾಡುತ್ತೇನೆ. ಅವರು ಕೆಟ್ಟವರಲ್ಲ.

ಒಂದು ಸಾಲಾದರೂ ಬರಿ.

ನಿನ್ನ
ಗೌತಮಿ

*

ಶ್ರೀ ಉಚ್ಚೆಂಗೆಮ್ಮ ಪ್ರಸನ್ನ

ಕುರುಗೋಡು
25 ಜೂನ್ 2024

ಗೌತಮಿಗೆ,

ನಿನ್ನ ಕಾಗದ ತಲುಪಿತು. ಅದನ್ನು ಅಪ್ಪನಿಗೆ ತೋರಿಸಿಲ್ಲ.

ಮಾರ್ಚಿನಲ್ಲಿ ನೀನು ಸಿರುಗುಪ್ಪದ ಮಿಲ್ಲಿಗೆ ಒಂದು ಕೆಂಪು ಪೆಟ್ಟಿಗೆ ತಂದಿದ್ದೆ. ಹೊರದೇಶದ ಅಕ್ಕಿ ಖರೀದಿದಾರರು ಕೇಳಿದರು ಅಂತ ನಿಮ್ಮ ಕಂಪನಿಯವರು ಹಾಕಿಸಿದ ದೂರಿನ ಪೆಟ್ಟಿಗೆ. ಕೆಲಸಗಾರರನ್ನೆಲ್ಲ ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದೆಯಂತೆ. ಅವತ್ತು ಅಪ್ಪ ಮನೆಗೆ ಬಂದು ಕೈಕಾಲು ತೊಳೆಯುವುದಕ್ಕೂ ಮುಂಚೆ ಅದನ್ನೇ ಹೇಳಿದ. "ನಮ್ ಗೌತಮಿ ಏನ್ ಚಂದ ಮಾತಾಡಿದ್ಲವ್ವ! ಹೆಸರು ಬರಿಯೋದು ಬ್ಯಾಡಂತ. ಬೀಗದ ಕೀಲಿ ಆಕಿ ಕಡೆನ ಐತಂತ. ಪಂಪಣ್ಣನ ಮುಖ ನೋಡಬೇಕಿತ್ತು ನೀನು." ನಿನ್ನನ್ನು ತಾನೇ ಹೆತ್ತ ಹಾಗೆ ಹಿಗ್ಗಿದ್ದ.

ಮೇ ತಿಂಗಳಲ್ಲಿ ನನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಕೇಳಿದ. ಯಾಕೆ ಅಂದರೆ ಹೇಳಲಿಲ್ಲ. ಈಗ ಗೊತ್ತಾಗಿದೆ. ಬಾಯ್ಲರಿನಲ್ಲಿ ಆವಿ ಹೆಚ್ಚಾದರೆ ತಾನಾಗಿ ತೆರೆದು ಹೊರಗೆ ಬಿಡುವ ಒಂದು ವಾಲ್ವ್ ಇರುತ್ತದಂತೆ. ಅದು ಸವೆದುಹೋಗಿ ಪದೇ ಪದೇ ತೆರೆದುಕೊಳ್ಳುತ್ತಿತ್ತು. ರಿಪೇರಿಗೆ ಮೂರು ದಿನ ಮಿಲ್ಲು ನಿಲ್ಲಬೇಕು. ಭತ್ತದ ಸುಗ್ಗಿಯಲ್ಲಿ ಯಾರು ನಿಲ್ಲಿಸುತ್ತಾರೆ? ಪಂಪಣ್ಣನವರು ಬೈಂಡಿಂಗ್ ತಂತಿಯಿಂದ ವಾಲ್ವ್ ತೆರೆಯದ ಹಾಗೆ ಬಿಗಿಸಿದರು. ಬ್ಯಾಡ ಅಂತ ಅಪ್ಪ ಬಾಯಿಂದ ಹೇಳಿ ಸಾಕಾಗಿ, ಬರೆದು ನಿನ್ನ ಪೆಟ್ಟಿಗೆಗೆ ಹಾಕಿದ. ಎರಡು ವಾರಕ್ಕೆ ಕೆಲಸ ಹೋಯಿತು. ನಿದ್ದೆಯಂತೆ! ಹತ್ತೊಂಬತ್ತು ವರ್ಷ ಆ ಬಾಯ್ಲರನ್ನು ಕಾಯ್ದವನು, ಬಸ್ಸಿನಲ್ಲೂ ತೂಕಡಿಸದ ಮನುಷ್ಯ.

ಒಂದೇ ಪ್ರಶ್ನೆ. ಕೀಲಿ ನಿನ್ನ ಹತ್ತಿರ ಇತ್ತು. ಆ ಕಾಗದವನ್ನು ಯಾರು ಯಾರು ನೋಡಿದರು?

ರೇಣುಕಾ

*

ಗಾಂಧಿನಗರ, ಬಳ್ಳಾರಿ
9 ಜುಲೈ 2024

ಪ್ರೀತಿಯ ರೇಣು,

ನಿನ್ನ ಪ್ರಶ್ನೆ ನನ್ನನ್ನು ನೋಯಿಸಿತು. ಎಂಟು ವರ್ಷದ ಗೆಳೆತನದಲ್ಲಿ ನೀನು ನನ್ನನ್ನು ಹೀಗೆ ಪೊಲೀಸರ ಹಾಗೆ ಕೇಳಿದವಳಲ್ಲ.

ದೂರು ಬಂದರೆ ಅದರ ವಿಷಯವನ್ನು ಟೈಪ್ ಮಾಡಿ ಸಮಿತಿಯ ಮುಂದೆ ಇಡಬೇಕು, ಮೂಲ ಕಾಗದ ಬೀರುವಿನಲ್ಲಿ ಬೀಗದೊಳಗೆ ಇರಬೇಕು. ಇದು ನಾನೇ ಬರೆದ ನಿಯಮ. ಅದರ ಪ್ರಕಾರ ಏನು ಆಗಬೇಕಿತ್ತೋ ಅದು ಆಗಿದೆ. ಇದಕ್ಕಿಂತ ಹೆಚ್ಚು ಹೇಳುವ ಹಾಗಿಲ್ಲ, ನನ್ನ ಹುದ್ದೆಯ ಕಟ್ಟುಪಾಡು ಅದು. ಮಾಮ ನಾಲ್ಕು ಜನರ ಮುಂದೆ ಪಂಪಣ್ಣನವರನ್ನು ಬೈದಿದ್ದರಂತೆ. ಬರೆದದ್ದು ಅವರೇ ಅಂತ ಊಹಿಸುವುದು ಕಷ್ಟವೇ?

ಸಾಹೇಬರ ಹತ್ತಿರ ಮಾತಾಡಿದೆ. "ನಮ್ ಮಿಲ್ಲಿನ ಹಳೇ ಮನುಷ್ಯ, ನನಗೇನು ಹಗೆತನ ಐತೇನಮ್ಮಾ?" ಅಂದರು. ತಪ್ಪಾಯಿತು ಅಂತ ಒಂದು ಪತ್ರ ಬರೆದುಕೊಟ್ಟರೆ ದೀಪಾವಳಿ ಹೊತ್ತಿಗೆ ಗೋದಾಮಿನಲ್ಲಿ ಏನಾದರೂ ನೋಡೋಣ ಅಂದಿದ್ದಾರೆ. ಲೇಬರ್ ಆಫೀಸಿಗೆ ಹೋಗುವುದು ಬೇಡ ಅಂತ ಮಾಮನಿಗೆ ನೀನೇ ತಿಳಿಹೇಳು. ಬಗ್ಗಿ ನಡೆದರೆ ಬಾಗಿಲು ತಾಗುವುದಿಲ್ಲ.

ನನ್ನ ಸ್ಥಿತಿಯನ್ನೂ ಸ್ವಲ್ಪ ಯೋಚಿಸು. ಕರೂರಿನ ನಮ್ಮ ಕೇರಿಯಿಂದ ಇಂಥ ಕುರ್ಚಿಯಲ್ಲಿ ಕೂತವಳು ನಾನೇ ಮೊದಲು. ನಮ್ಮಪ್ಪ ಹುಲುಗಪ್ಪ ಇದೇ ಕಂಪನಿಯ ಅಂಗಳದಲ್ಲಿ ಮೂಟೆ ಹೊತ್ತವರು. ಅವರು ಇವತ್ತಿಗೂ ನನ್ನ ಆಫೀಸಿಗೆ ಬಂದರೆ ಒಳಗೆ ಬರುವುದಿಲ್ಲ, ಕೆಳಗೆ ನಿಂತು ಫೋನ್ ಮಾಡುತ್ತಾರೆ.

ನಿನ್ನ
ಗೌತಮಿ

*

ಶ್ರೀ ಉಚ್ಚೆಂಗೆಮ್ಮ ಪ್ರಸನ್ನ

ಕುರುಗೋಡು
20 ಆಗಸ್ಟ್ 2024

ಗೌತಮಿಗೆ,

ತಪ್ಪಾಯಿತು ಅಂತ ಬರೆಯಲು ಅಪ್ಪ ಒಪ್ಪಲಿಲ್ಲ. "ಯಾವ ತಪ್ಪು ಅಂತ ಬರೀಲಿ? ತಪ್ಪಿನ ಹೆಸರು ಹೇಳಂತ ಹೇಳು ಆಕಿಗೆ" ಅಂದ. ಲೇಬರ್ ಆಫೀಸಿಗೂ ಹೋಗಲಿಲ್ಲ. ನಿನಗೆ ತೊಂದರೆಯಾಗಬಹುದು ಅಂತ. ನಗು ಬರುತ್ತದೆ ನನಗೆ, ಅಳುವೂ ಬರುತ್ತದೆ.

ಅವನ ಜಾಗಕ್ಕೆ ಬಂದವನು ಕರೂರಿನ ದುರ್ಗೇಶ್ ಅಂತ. ನಿಮ್ಮ ಕೇರಿಯವನೇ, ಮಾರೆಮ್ಮನ ಮಗ. ಐಟಿಐ ಮಾಡಿದ್ದಾನೆ, ಬಾಯ್ಲರ್ ಹತ್ತಿರ ನಿಂತವನಲ್ಲ. ಕೆಲಸ ಕೊಡಿಸಿದವಳು ನೀನು ಅಂತ ಅವನೇ ಅಪ್ಪನಿಗೆ ಹೇಳಿದನಂತೆ, ಬಹಳ ಅಭಿಮಾನದಿಂದ. ನಿನ್ನ ಕಾಗದದಲ್ಲಿ ಈ ವಿಷಯ ಇರಲಿಲ್ಲ.

ಅಪ್ಪ ಈಗ ಏನು ಮಾಡುತ್ತಾನೆ ಗೊತ್ತಾ? ವಾರಕ್ಕೆರಡು ಸಲ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗುತ್ತಾನೆ. ಮಿಲ್ಲಿನ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕೂರುತ್ತಾನೆ. ಶಿಫ್ಟ್ ಬಿಟ್ಟಾಗ ದುರ್ಗೇಶ್ ಬರುತ್ತಾನೆ. ಗೇಜು ಹೇಗೆ ನೋಡಬೇಕು, ನೀರು ಯಾವಾಗ ಬಿಡಬೇಕು, ಹೊಟ್ಟು ಎಷ್ಟು ಹಾಕಬೇಕು ಅಂತ ಅಪ್ಪ ಟೇಬಲ್ಲಿನ ಮೇಲೆ ಚಹಾದ ಹನಿಯಲ್ಲಿ ಗೆರೆ ಎಳೆದು ತೋರಿಸುತ್ತಾನೆ. ತನ್ನ ಕೆಲಸ ಕಿತ್ತುಕೊಂಡವನಿಗೆ ಪಾಠ! ನಾನು ಬೈದರೆ, "ಆ ಹುಡುಗ ಏನ್ ಕಿತ್ತುಕೊಂಡಾನ? ತಂತಿ ಇನ್ನಾ ಹಂಗ ಐತಿ. ಅದರ ಕೆಳಗ ನಿಂತಾನ ಅವ" ಅನ್ನುತ್ತಾನೆ.

ಅಪ್ಪನಿಗೆ ಕೆಲಸ ವಾಪಸ್ ಬೇಡ. ನಿನ್ನ ಕೈಲಾದರೆ ಆ ತಂತಿ ಬಿಚ್ಚಿಸು. ಬಳ್ಳಾರಿಯಿಂದ ಸಿರುಗುಪ್ಪ ಬಸ್ಸಿನಲ್ಲಿ ಒಂದೂವರೆ ತಾಸು. ನೀನೇ ಹೋಗಿ ಕಣ್ಣಾರೆ ನೋಡು.

ರೇಣುಕಾ

*

ಗಾಂಧಿನಗರ, ಬಳ್ಳಾರಿ
30 ಸೆಪ್ಟೆಂಬರ್ 2024

ಪ್ರೀತಿಯ ರೇಣು,

ತಂತಿ ಬಿಚ್ಚಿದ್ದಾರೆ. ಇವತ್ತು ಮೊದಲು ಇದನ್ನು ಹೇಳಿ ಆಮೇಲೆ ಉಳಿದದ್ದು.

ನಾನು ಪಂಪಣ್ಣನವರಿಗೆ ಮೇಲ್ ಹಾಕಿ ಉತ್ತರ ಕೇಳಿದೆ. ವಾಲ್ವಿನ ಫೋಟೋ ಕಳಿಸಿದ್ದಾರೆ. ದೊಡ್ಡದು ಮಾಡಿ ನೋಡಿದೆ, ತಂತಿ ಎಲ್ಲೂ ಇಲ್ಲ. ರಿಜಿಸ್ಟರಿನಲ್ಲಿ ಮಾಮನ ದೂರಿನ ಮುಂದೆ "ಕ್ರಮ ಕೈಗೊಳ್ಳಲಾಗಿದೆ, ಮುಕ್ತಾಯ" ಅಂತ ಬರೆದು ಸಹಿ ಮಾಡಿದೆ. ಬರೆಯುವಾಗ ಎದೆಯ ಮೇಲಿಂದ ಒಂದು ಕಲ್ಲು ಇಳಿದ ಹಾಗಾಯಿತು. ಮಾಮನಿಗೆ ಹೇಳು. ಅವರ ಕಾಗದ ವ್ಯರ್ಥವಾಗಲಿಲ್ಲ.

ನಾನೇ ಹೋಗಬೇಕು ಅಂತಲೇ ಇದ್ದೆ. ಆದರೆ ಈ ತಿಂಗಳು ಆಫೀಸಿನಲ್ಲಿ ನೈತಿಕತಾ ಸಪ್ತಾಹ ಇತ್ತು. ಬಿಳಿ ಟೀ ಶರ್ಟು, ಪ್ರತಿಜ್ಞೆ, ಕೇಕು, ರಂಗೋಲಿ ಸ್ಪರ್ಧೆ. ಸಾಹೇಬರು ಮೈಕಿನಲ್ಲಿ, "ಯಾರೂ ನೋಡದಾಗಲೂ ಸರಿಯಾಗಿರೋದೇ ನಮ್ಮ ಕಂಪನಿ" ಅಂದರು, ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಗಾಜಿನ ಸ್ಮರಣಿಕೆ ಕೊಟ್ಟರು. ಅಪ್ಪ ಅದನ್ನು ಬುದ್ಧನ ಫೋಟೋ ಪಕ್ಕ ಇಟ್ಟಿದ್ದಾರೆ. ನಾನು ಎರಡು ಸಲ ತೆಗೆದು ಒಳಗಿಟ್ಟೆ, ಅವರು ಎರಡು ಸಲವೂ ತಂದು ಅಲ್ಲೇ ಇಟ್ಟರು.

ಕೋಪ ಇಳಿದಿದ್ದರೆ ದೀಪಾವಳಿಗೆ ಬಾ. ಇಳಿಯದಿದ್ದರೂ ಬಾ, ಎದುರಿಗೇ ಬೈದುಕೊಳ್ಳುವಿಯಂತೆ.

ನಿನ್ನ
ಗೌತಮಿ

*

ಗಾಂಧಿನಗರ, ಬಳ್ಳಾರಿ
8 ಡಿಸೆಂಬರ್ 2024

ರೇಣು,

ದೀಪಾವಳಿಗೆ ನೀನು ಬರಲಿಲ್ಲ. ಈಗ ಬಂದರೂ ಮುಖ ತೋರಿಸಲಾರೆ ನಾನು.

ನವೆಂಬರ್ 24ರಂದು ನಡೆದದ್ದು ನಿನಗೆ ಗೊತ್ತೇ ಇದೆ. ಬಾಯ್ಲರಿನ ಪೈಪು ಒಡೆದು ಆವಿ ದುರ್ಗೇಶನ ಮೇಲೆ ನುಗ್ಗಿತು. ಇಲ್ಲಿ ಆಸ್ಪತ್ರೆಯಲ್ಲಿ ಆರು ದಿನ ಇದ್ದು ತೀರಿಕೊಂಡ. ಒಂದು ದಿನ ಮಾತ್ರ ನಾನು ನೋಡಲು ಹೋದೆ. ಮಾರೆಮ್ಮತ್ತೆ ಹೊರಗೆ ನೆಲದ ಮೇಲೆ ಕೂತಿದ್ದವಳು ನನ್ನ ಎರಡೂ ಕೈ ಹಿಡಿದು, "ಬಂದಿ ಏನವ್ವ, ನೀ ಬಂದಿ ಅಂದ್ರ ಇನ್ನ ಅಂಜಿಕಿಲ್ಲ ಬಿಡು" ಅಂದಳು. ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಂಪನಿಯವರು ಯಾರೂ ಮಣ್ಣಿಗೆ ಹೋಗಬಾರದು ಅಂತ ಸಾಹೇಬರು ಹೇಳಿದರು, ಹೋಗಲಿಲ್ಲ. ಕರೂರಿಗೆ ಆಮೇಲೂ ಹೋಗಿಲ್ಲ.

ಆ ಫೋಟೋ ನಿಜದ್ದೇ. ಫೋಟೋ ತೆಗೆಯುವಷ್ಟು ಹೊತ್ತು ತಂತಿ ಬಿಚ್ಚಿ, ಆಮೇಲೆ ಮತ್ತೆ ಕಟ್ಟಿಸಿದರಂತೆ. ಕಟ್ಟಿದವನು ದುರ್ಗೇಶನೇ. ಹೇಳಿದ ಕೆಲಸ ಮಾಡಿದ.

ಈಗ ಕಂಪನಿ ಏನು ಹೇಳುತ್ತಿದೆ ಅನ್ನುವುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ತಂತಿ ಕಟ್ಟಿದ್ದು ಜಡೆಪ್ಪ, ಅವನ ಕಾಲದ್ದು ಅದು, ದೂರು ಯಾವತ್ತೂ ಬಂದಿಲ್ಲ ಅಂತ. ಪೊಲೀಸರಿಗೆ ಕೊಟ್ಟ ಕಾಗದದಲ್ಲಿ ಮಾಮನ ಹೆಸರೇ ಮೊದಲು. ದೂರು ಬಂದಿಲ್ಲ ಅಂತ ವರದಿ ಬರೆಯಬೇಕಾದವಳು ನಾನು. ದೂರಿನ ಫೈಲು, ರಿಜಿಸ್ಟರು ಎರಡನ್ನೂ ಸಾಹೇಬರು ತರಿಸಿಕೊಂಡರು. ಕೊಡುವ ಮುಂಚೆ ಮಾಮನ ಕಾಗದವನ್ನು ಫೈಲಿನಿಂದ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡೆ. ಯಾಕೆ ಅಂತ ಗೊತ್ತಿಲ್ಲ. ಧೈರ್ಯ ಅಂದುಕೊಳ್ಳಬೇಡ.

ಜೂನ್‌ನಲ್ಲಿ ನೀನು ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತೇನೆ. ಮೇ 18, ಶನಿವಾರ, ಪೆಟ್ಟಿಗೆ ತೆರೆದೆ. ಕಾಗದದ ತಲೆಯ ಮೇಲೆ ದಿನಾಂಕದ ಸೀಲು ಒತ್ತಿದೆ. ಮೇಲಿನ ಸಾಲು ನೋಡಿದ ತಕ್ಷಣ ಯಾರದ್ದು ಅಂತ ತಿಳಿಯಿತು. ನಕ್ಕೆ ಕೂಡ. ಸೋಮವಾರ ಸಮಿತಿ. ಟೈಪ್ ಮಾಡಬೇಕಿತ್ತು. ಕನ್ನಡ ಟೈಪಿಂಗ್ ನನಗೆ ನಿಧಾನ, ಅರ್ಧ ಗಂಟೆಯ ಕೆಲಸ. ಸೋಮಾರಿತನ ಮಾಡಿ ಮೂಲ ಕಾಗದವನ್ನೇ ಟೇಬಲ್ಲಿನ ಮೇಲೆ ಇಟ್ಟೆ. ದೂರು ಯಾರ ಮೇಲಿತ್ತೋ ಆ ಪಂಪಣ್ಣನವರೇ ಎದುರಿಗೆ ಕೂತಿದ್ದರು. ಅವರು ಎದ್ದುಹೋಗಲಿ ಅನ್ನಬೇಕಾದವಳೂ ನಾನೇ. ಅನ್ನಲಿಲ್ಲ.

ಸಾಹೇಬರು ಕನ್ನಡಕ ಹಾಕಿಕೊಂಡು ಓದಿ ನಕ್ಕರು. "ಏನಮ್ಮಾ ಇದು, ಕಂಪ್ಲೇಂಟಿಗೂ ದೇವ್ರ ಹೆಸ್ರಾ? ಉಚ್ಚೆಂಗೆಮ್ಮ ಅಂದ್ರ ಯಾರ ಮನಿದೇವ್ರು?"

"ಕುರುಗೋಡಿನಾಗ ಒಂದ ಮನಿ ಐತಿ ಸರ್, ನಮ್ ಜಡೆಪ್ಪ ಮಾಮನ ಮನಿ" ಅಂದೆ. ನಗುತ್ತ ಅಂದೆ ರೇಣು.

ಪಂಪಣ್ಣನವರು ಡೈರಿಯಲ್ಲಿ ಏನೋ ಬರೆದುಕೊಂಡರು. ಸಾಹೇಬರು, "ಎಲ್ಲರಿಗೂ ಚಹಾ ಹೇಳಮ್ಮಾ" ಅಂದರು. ಅಷ್ಟೇ. ಯಾರೂ ಗದರಿಸಲಿಲ್ಲ, ಬಲವಂತ ಮಾಡಲಿಲ್ಲ. ಬಾಯಿ ತಪ್ಪಿ ಬಂತು ಅಂತ ಆರು ತಿಂಗಳು ನನಗೆ ನಾನೇ ಹೇಳಿಕೊಂಡೆ. ಬಾಯಿ ತಪ್ಪಿರಲಿಲ್ಲ. ಸಾಹೇಬರು ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಿತ್ತು, ಗೊತ್ತಿದೆ ಅಂತ ತೋರಿಸಿಕೊಂಡೆ. ಚಹಾ ಕುಡಿದಾದ ಮೇಲೆ ನನ್ನ ಕೋಣೆಗೆ ಬಂದು ಕತ್ತರಿ ತೆಗೆದು ಮೇಲಿನ ಸಾಲನ್ನು ಕತ್ತರಿಸಿದೆ, ಇನ್ನು ಯಾರೂ ಗುರುತು ಹಿಡಿಯದಿರಲಿ ಅಂತ. ಆಮೇಲೆ ಉಳಿದ ಕಾಗದವನ್ನು ಫೈಲಿಗೆ ಸೇರಿಸಿದೆ.

ಈ ಕಾಗದ ಓದಿ ಸುಟ್ಟುಬಿಡು. ನನಗೆ ಹೆದರಿಕೆಯಾಗುತ್ತಿದೆ.

ಗೌತಮಿ

*

ಶ್ರೀ ಉಚ್ಚೆಂಗೆಮ್ಮ ಪ್ರಸನ್ನ

ಕುರುಗೋಡು
19 ಡಿಸೆಂಬರ್ 2024

ಗೌತಮಿ,

ಸುಟ್ಟಿಲ್ಲ. ಸುಡುವುದಿಲ್ಲ.

ಹಾಸ್ಟೆಲಿನ ಎರಡನೇ ವರ್ಷ ನೆನಪಿದೆಯಾ? ಸಾರಿನಲ್ಲಿ ಹುಳ ಸಿಕ್ಕಾಗ ವಾರ್ಡನ್ನಿನ ಪೆಟ್ಟಿಗೆಗೆ ನಾನೇ ದೂರು ಬರೆದೆ. ಹೆಸರು ಹಾಕದೆ ಬರೆದೆ ಅಂತ ಬೀಗುತ್ತಿದ್ದೆ. ನೀನು ಕಾಗದ ಕಿತ್ತುಕೊಂಡು, "ಲೇ ಹುಚ್ಚಿ, ಹೆಸರಿಲ್ಲ ಅಂತೀ, ಮ್ಯಾಲ ಮನಿ ವಿಳಾಸನ ಬರದೀಯಲ್ಲ" ಅಂತ ತಲೆಗೆ ಮೊಟಕಿ, ಬ್ಲೇಡಿನಿಂದ ಮೇಲಿನ ಸಾಲು ಕೊಯ್ದು, ಆಮೇಲೆ ಪೆಟ್ಟಿಗೆಗೆ ಹಾಕಿದೆ. ಹತ್ತೊಂಬತ್ತು ವರ್ಷ ನಿನಗೆ ಆಗ. ಯಾವ ತರಬೇತಿಯೂ ಆಗಿರಲಿಲ್ಲ, ಯಾವ ನಿಯಮವೂ ಬರೆದಿರಲಿಲ್ಲ. ಅವತ್ತು ಮೊದಲೇ ಕೊಯ್ದಿದ್ದೆ. ಈ ಸಲ ಹೇಳಿ ಆದ ಮೇಲೆ ಕೊಯ್ದೆ.

ಅಪ್ಪನಿಗೆ ನಿನ್ನ ಕಾಗದ ಓದಿ ಹೇಳಿದೆ. ಅವನು ಕೇಳಿದ್ದು ಒಂದೇ. "ದೇವರ ಹೆಸರಿನ ಚೂರು ಏನ್ ಮಾಡಿದ್ಲಂತ? ಕಸದಾಗ ಹಾಕಿದ್ಲೇನು?" ನನಗೂ ಅದೇ ಬೇಕು. ಸೀಲು ಕಾಗದದ ತಲೆಯ ಮೇಲೆ ಒತ್ತಿದೆ ಅಂತ ಬರೆದಿದ್ದೀಯ. ಹಾಗಾದರೆ ದಿನಾಂಕ ಎಲ್ಲಿ ಉಳಿದಿದೆ, ನಿನ್ನ ಹತ್ತಿರದ ಕಾಗದದ ಮೇಲೋ, ಕತ್ತರಿಸಿದ ಚೂರಿನ ಮೇಲೋ?

ಫೆಬ್ರವರಿಯಲ್ಲಿ ಬಳ್ಳಾರಿಯಲ್ಲಿ ಕಾರ್ಖಾನೆಗಳ ಇಲಾಖೆಯ ಅಧಿಕಾರಿಯ ಮುಂದೆ ತನಿಖೆ ಇದೆ. ದೂರು ಕೊಟ್ಟಿದ್ದೆ ಅಂತ ಅಪ್ಪ ಹೇಳುತ್ತಾನೆ, ಕೊಟ್ಟಿಲ್ಲ ಅಂತ ಕಂಪನಿ ಹೇಳುತ್ತದೆ. ತಂತಿ ಕಟ್ಟಿ ಒಬ್ಬ ಹುಡುಗನನ್ನು ಕೊಂದವನು ಅಂತ ಅಪ್ಪ ಜೈಲಿಗೆ ಹೋಗುವುದೋ ಬಿಡುವುದೋ ಆ ಒಂದು ಕಾಗದದ ಮೇಲಿದೆ. ಪೊಲೀಸರು ಎರಡು ಸಲ ಮನೆಗೆ ಬಂದು ಹೋದರು. ನನ್ನ ಶಾಲೆಯ ಮಕ್ಕಳು ಈಗ ನನ್ನನ್ನು ಬೇರೆ ಥರ ನೋಡುತ್ತಾರೆ.

ನನಗೆ ಹೇಳಿಕೊಂಡು ಹಗುರಾದೆಯಾ? ನನಗೆ ಹೇಳಿದರೆ ಏನಾಯಿತು? ಎಲ್ಲಿ ಹೇಳಬೇಕೋ ಅಲ್ಲಿ ಹೇಳು.

ಜೆ. ರೇಣುಕಾ

*

ಗಾಂಧಿನಗರ, ಬಳ್ಳಾರಿ
16 ಫೆಬ್ರವರಿ 2025

ರೇಣು,

ನೀನು ತನಿಖೆಯ ದಿನ ಹೊರಗೆ ವರಾಂಡದಲ್ಲಿ ಇದ್ದೆ. ಒಳಗೆ ಆದದ್ದನ್ನು ಮಾಮ ಹೇಳಿರುತ್ತಾರೆ, ಅರ್ಧ ಹೇಳಿರುತ್ತಾರೆ. ನಾನು ಪೂರ್ತಿ ಬರೆಯುತ್ತೇನೆ.

ಆ ಚೂರನ್ನು ನಾನು ಕಸಕ್ಕೆ ಹಾಕಿರಲಿಲ್ಲ. ಹಾಕಲು ಹೋಗಿದ್ದೆ. ದೇವರ ಹೆಸರಿರುವ ಕಾಗದ ಹಾಸ್ಟೆಲಿನ ನೆಲದ ಮೇಲೆ ಬಿದ್ದಿದ್ದರೆ ನೀನು ಎತ್ತಿ ಕಣ್ಣಿಗೊತ್ತಿಕೊಂಡು ಕಿಟಕಿಯ ಮೇಲೆ ಇಡುತ್ತಿದ್ದೆಯಲ್ಲ, ಅದು ನೆನಪಾಯಿತು. ಬುಟ್ಟಿಯ ಮೇಲೆ ಹಿಡಿದ ಕೈ ಹಿಂದೆ ಬಂತು. ಡೈರಿಯೊಳಗೆ ಇಟ್ಟೆ. ಡಿಸೆಂಬರಿನಲ್ಲಿ ನಿನ್ನ ಕಾಗದ ಓದಿ ಹುಡುಕಿದೆ, ಅಲ್ಲೇ ಇತ್ತು. ಆದರೂ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಕೊಟ್ಟರೆ, ಕತ್ತರಿಸಿದ್ದು ಯಾರು ಅಂತ ಕೇಳುತ್ತಾರೆ. ದಿನಾ ಬೆಳಿಗ್ಗೆ ಇವತ್ತು ಕೊಡುತ್ತೇನೆ ಅಂತ ಹೋಗುತ್ತಿದ್ದೆ, ಸಂಜೆ ಅದನ್ನು ಹೊತ್ತು ವಾಪಸ್ ಬರುತ್ತಿದ್ದೆ.

ಅವತ್ತು ಮೊದಲು ನಾನು ಕೆಳಗಿನ ತುಂಡನ್ನು ಮಾತ್ರ ಕೊಟ್ಟೆ. ಹೌದು, ಅಲ್ಲಿಯೂ ಅರ್ಧವನ್ನೇ ಕೊಟ್ಟೆ. ಕಂಪನಿಯ ವಕೀಲರು ಎತ್ತಿ ಹಿಡಿದು, "ಹೆಸರಿಲ್ಲ, ಅರ್ಧ ಸೀಲು, ದಿನಾಂಕ ಓದಾಕ ಬರಂಗಿಲ್ಲ. ಅಪಘಾತ ಆದ ಮ್ಯಾಲ ಬರದದ್ದು ಇದು" ಅಂದರು. ಮಾಮ ಬೆಂಚಿನ ಮೇಲೆ ಟವೆಲ್ ಹಿಡಿದು ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾಗುತ್ತಿತ್ತೋ, ನೋಡದೆ ಇದ್ದದ್ದನ್ನೇ ತಡೆದುಕೊಳ್ಳಲಾಗಲಿಲ್ಲ. ಡೈರಿ ತೆಗೆದೆ.

ಅಧಿಕಾರಿ ಎರಡೂ ತುಂಡನ್ನು ಒಂದು ಬಿಳಿ ಹಾಳೆಯ ಮೇಲೆ ಜೋಡಿಸಿದರು. ಸೀಲು ದುಂಡಗೆ ಕೂಡಿತು. "ಸ್ವೀಕರಿಸಿದೆ, 18 ಮೇ 2024." ಅದರ ಪಕ್ಕ ಮಾಮನ ಅಕ್ಷರ, ಮೇಲೆ ಉಚ್ಚೆಂಗೆಮ್ಮ. ಮಾಮ ಎದ್ದು ಹತ್ತಿರ ಬಂದರು. ಓದಿದರು. ಚಪ್ಪಲಿ ಬಿಟ್ಟು ಹಿಂದೆ ಸರಿಸಿ, ಬರಿಗಾಲಲ್ಲಿ ನಿಂತರು. ಆ ಕೋಣೆಯಲ್ಲಿ ಯಾರಿಗೂ ಅದು ಯಾಕೆ ಅಂತ ತಿಳಿಯಲಿಲ್ಲ.

"ಕತ್ತರಿಸಿದ್ದು ಯಾರು?" ಅಂತ ಅಧಿಕಾರಿ ಕೇಳಿದರು. "ನಾನು" ಅಂದೆ. ಯಾಕೆ ಅಂದರು. ಹೇಳಿದೆ. ಸಾಹೇಬರ ಪ್ರಶ್ನೆ, ನನ್ನ ಉತ್ತರ, ಚಹಾ, ಎಲ್ಲ. ಬರೆದು ಸಹಿ ಮಾಡಿದೆ. ಮಾಮನ ಮೇಲಿನ ಆಪಾದನೆ ನಿಲ್ಲುವುದಿಲ್ಲ ಅಂತ ಅಧಿಕಾರಿಯೇ ಅಂದರು. ವರದಿ ಬರಲು ಇನ್ನೂ ಸಮಯವಿದೆ.

ಮರುದಿನ ಕಂಪನಿ ನನ್ನನ್ನು ತೆಗೆಯಿತು. ಕಾರಣ ಗೊತ್ತಾ? ದೂರುದಾರರ ಹೆಸರು ಬಯಲು ಮಾಡಿದ್ದಕ್ಕೆ. ನಾನೇ ಬರೆದ ನಿಯಮ, ನಾನೇ ಮಾಡಿದ ಸಹಿ, ಎರಡನ್ನೂ ಸೇರಿಸಿ ಕೊಟ್ಟರು. ಸಾಹೇಬರು ಕರೆಸಿ, "ನಿನ್ನಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲಮ್ಮಾ" ಅಂದರು. ನಿಜವಾಗಿಯೂ ಬೇಸರವಾದವರ ಹಾಗೆ ಅಂದರು. ಪಂಪಣ್ಣನವರು ತೆಕ್ಕಲಕೋಟೆಯ ಗೋದಾಮಿಗೆ ವರ್ಗವಾಗಿ ಹೋಗಿದ್ದಾರೆ. ಸಾಹೇಬರ ಕುರ್ಚಿ ಅಲ್ಲೇ ಇದೆ. ಕೆಂಪು ಪೆಟ್ಟಿಗೆಯ ಕೀಲಿ ಈಗ ಜ್ಯೋತಿಯ ಹತ್ತಿರ.

ಅಪ್ಪ ಗಾಜಿನ ಸ್ಮರಣಿಕೆಯನ್ನು ತಾವಾಗಿಯೇ ತೆಗೆದು ಎಲ್ಲೋ ಇಟ್ಟಿದ್ದಾರೆ.

ಕ್ಷಮಿಸು ಅನ್ನಲು ಬಾಯಿಲ್ಲ ನನಗೆ. ಆದರೂ ನಿನ್ನಿಂದ ಒಂದು ಸಾಲು ಬರಲಿ ಅಂತ ಕಾಯುತ್ತೇನೆ.

ಗೌತಮಿ

*

ಕುರುಗೋಡು
9 ಮಾರ್ಚ್ 2025

ಗೌತಮಿಗೆ,

ಇದು ನನ್ನ ಕಾಗದವಲ್ಲ. ಅಪ್ಪ ಹೇಳಿದ, ನಾನು ಬರೆಯುತ್ತಿದ್ದೇನೆ. ನನ್ನ ಕಾಗದ ಬರೆಯಲು ನನಗೆ ಇನ್ನೂ ಆಗುವುದಿಲ್ಲ, ಆಗುತ್ತದೋ ಇಲ್ಲವೋ ತಿಳಿಯದು. ರೂಢಿಯಂತೆ ಮೇಲೆ ದೇವರ ಹೆಸರು ಬರೆಯಲು ಹೋದೆ. ಅಪ್ಪ ನನ್ನ ಕೈ ಹಿಡಿದು ತಡೆದ. "ಬ್ಯಾಡ. ಉಚ್ಚೆಂಗೆಮ್ಮನ್ನ ಕತ್ತರಿಸಿದ ಮ್ಯಾಲ ನನಗ ಬರಿಯಾಕ ಕೈ ಬರವಲ್ದು" ಅಂದ. ಅಪ್ಪನ ಐವತ್ತೆಂಟು ವರ್ಷದಲ್ಲಿ ನಮ್ಮ ಮನೆಯಿಂದ ಆ ಸಾಲಿಲ್ಲದೆ ಹೋಗುತ್ತಿರುವ ಮೊದಲ ಕಾಗದ ಇದೇ ಇರಬೇಕು.

ಅವನು ಹೇಳಿದ್ದು ಹೇಳಿದ ಹಾಗೆಯೇ ಬರೆಯುತ್ತೇನೆ.

"ಗೌತಮೀ, ಆ ಚೂರು ಈಗ ಸರಕಾರದ ಫೈಲಿನಾಗ ಐತಿ. ಎಲ್ಲಾ ಮುಗಿದ ಮ್ಯಾಲ ಕೇಳಿ ಇಸಗೊಂಡು ಕಳಿಸು. ಕಾಲು ತಾಗೋ ಜಾಗದಾಗ ಇಡಬ್ಯಾಡ್ರಿ ಅಂತ ಹೇಳು ಅವರಿಗೆ.

"ನಾ ಮೊನ್ನೆ ಕರೂರಿಗೆ ಹೋಗಿದ್ದೆ, ಮಾರೆಮ್ಮನ ಮನಿಗೆ. ಕೇಸು ನನ್ನ ಮ್ಯಾಲಿಂದ ಹೋಗ್ತೈತಿ ಅಂತ ಎಲ್ಲರೂ ಖುಷಿಲೆ ಹೇಳ್ತಾರ, ನನಗ ಖುಷಿ ಆಗವಲ್ದು. ಆಕಿ ನನ್ನ ನೋಡಿ ಒಂದ ಮಾತು ಕೇಳಿದ್ಲು. ಅಣ್ಣಾ, ನಿನಗ ಗೊತ್ತಿತ್ತೇನು ಅಂದ್ಲು. ಗೊತ್ತಿತ್ತವ್ವ ಅಂದೆ. ಕಾಗದ ಬರದು ಪೆಟ್ಟಿಗಿಗೆ ಹಾಕಿ, ನನ್ನ ಕೆಲಸ ಮುಗೀತು ಅಂತ ತಿಳಕೊಂಡೆ, ತಂತಿ ನನ್ನ ಕೈಲೆ ನಾನ ಬಿಚ್ಚಬೇಕಿತ್ತು ಅಂದೆ. ಆಕಿ ಬೈಲಿಲ್ಲ. ಕುಡಿಯಾಕ ನೀರು ಕೊಟ್ಲು.

"ಆಮ್ಯಾಲ ನಿನ್ನ ಕೇಳಿದ್ಲು. ಗೌತಮಿ ಯಾಕ ಊರಿಗೆ ಬರವಲ್ಲಳು, ಆಕಿ ಕೆಲಸಾನೂ ಹೋತಂತಲ್ಲ, ನನ್ನ ಮಗನ ಪರವಾಗಿ ನಿಂತದ್ದಕ್ಕ ಹೋತಂತ ಮಂದಿ ಅಂತಾರ, ಖರೇ ಏನು ಅಂದ್ಲು. ನಿನ್ನ ಸಲುವಾಗಿ ಸಜ್ಜಿ ರೊಟ್ಟಿ ಕಟ್ಟಿಕೊಡ್ತೀನಿ ಒಯ್ಯಿ ಅಂದ್ಲು. ನಾ ಒಲ್ಲೆ ಅಂದೆ.

"ಆ ಸೋಮವಾರ ಟೇಬಲ್ ಮ್ಯಾಲ ನೀ ಹೇಳಿದ್ದು, ಬಾಯ್ಲರಿಗೆ ಹೋಗಾಕ ಆಕಿ ಮಗನ ಹೆಸರು ನೀ ಹೇಳಿದ್ದು, ಫೋಟೋ ನೋಡಿ ನೀ ಸಹಿ ಮಾಡಿದ್ದು, ಇದ್ಯಾವುದೂ ಆಕಿಗೆ ಗೊತ್ತಿಲ್ಲ. ನಾ ನಿನ್ನ ಹೆಸರು ಹೇಳಿಲ್ಲ. ನೀ ನನ್ನ ಹೆಸರು ಹೇಳಿದ್ದಿ ಅಂತ ನಾ ನಿನ್ನ ಹೆಸರು ಹೇಳೋನಲ್ಲ. ಆದ್ರ ಆಕಿ ಕೇಳಾಕತ್ಯಾಳ. ಅದನ್ನ ನೀನ ಹೋಗಿ ಹೇಳಬೇಕು."

ಇಷ್ಟೇ ಅವನು ಹೇಳಿದ್ದು. ಮಾರೆಮ್ಮ ಹೊಲದ ಕೂಲಿ ಮುಗಿಸಿ ಐದು ಗಂಟೆಗೆ ಮನೆಗೆ ಬರುತ್ತಾಳಂತೆ. ಸಿರುಗುಪ್ಪದಿಂದ ಕರೂರಿಗೆ ಬಸ್ಸು ಎಷ್ಟು ಗಂಟೆಗೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಜಡೆಪ್ಪನವರ ಪರವಾಗಿ
ಜೆ. ರೇಣುಕಾ